ವೀಳ್ಯ ವಾಪಸ್

"ನನ್ನನ್ನ ಒಂದ್ಮಾತು ಕೇಳದೆ ವೀಳ್ಯ ಹೆಂಗ್ರೀ ತಗೊಂಡ್ರಿ?"

ಬಾಳೆಗೆ ನೀರು ಕಟ್ಟುತ್ತಿದ್ದ ಮಹೇಂದ್ರ ಬೆಚ್ಚಿ ತಲೆ ಎತ್ತಿದ. ಹೆಮ್ಮರಗಾಲದ ಅವನ ತೋಟದ ಬದುವಿನ ಮೇಲೆ ಸೂಟ್‌ಕೇಸ್ ಹಿಡಿದು ಪಲ್ಲವಿ ನಿಂತಿದ್ದಳು.

ಮಸ್ಕತ್‌ನಲ್ಲಿ ನರ್ಸ್ ಆಗಿದ್ದವಳು ಆವತ್ತಷ್ಟೇ ರಜೆಗೆ ಬಂದಿಳಿದಿದ್ದಳು. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಊರಿನ ಜವರಮ್ಮ ಸಿಕ್ಕಿ, "ನಿಮ್ಮಣ್ಣ ಎಮ್ಮರಗಾಲದ ಮಯೇಂದ್ರಂಗೆ ವೀಳ್ಯ ಕೊಟ್ನಂತಲ್ಲ ಕಣವ್ವ, ಇನ್ನು ಫಾರಿನ್ನಿಗೆ ಓಗಕಿಲ್ವಂತೆ?" ಎಂದಿದ್ದಳು. ಸೋಸಲೆಯ ಮನೆಗೂ ಹೋಗದೆ ಪಲ್ಲವಿ ನಂಜನಗೂಡಿನ ಬಸ್ ಹತ್ತಿದ್ದಳು.

ಹಿರಿಯರು ವೀಳ್ಯದೆಲೆ ಬದಲಾಯಿಸಿಕೊಂಡರೆ ಮುಗಿಯಿತು, ಸಂಬಂಧ ಗಟ್ಟಿ. ಹೆಣ್ಣು ಎದುರಿಗೆ ಇರಬೇಕೆಂದೇನಿಲ್ಲ. ಹಾಗಂತ ಅವಳನ್ನು ಕೇಳುವುದೂ ಬೇಡವೇ?

"ನೀವೇ ಫೋನಲ್ಲಿ ಒಪ್ಪಿದ್ರಿ ಅಂದ್ರು ನಿಮ್ಮಣ್ಣ. ಕೆಲಸ ಬಿಟ್ಟು ಬತ್ತಾವ್ಳೆ ಅಂದ್ರು."

"ನಂಬಿಬಿಟ್ರಾ?"

"ನಂಬಬೇಕು ಅಂತ ಆಸೆ ಇತ್ತು…"

ಬೇರೆ ಯಾರಾಗಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಹಿಂದೆ ಮೈಸೂರಿನ ಆಸ್ಪತ್ರೆಯಲ್ಲಿ ಅವಳು ನೋಡಿಕೊಳ್ಳುತ್ತಿದ್ದ ವಾರ್ಡಿನಲ್ಲಿ ತನ್ನ ತಾಯಿಗೆ ಅಭ್ಯಾಸವಿಲ್ಲದ ಕೈಯಲ್ಲಿ ಜಡೆ ಹೆಣೆಯುತ್ತಿದ್ದವನು ಇವನೇ. ಮಸ್ಕತ್‌ನ ಕೋಣೆಯಲ್ಲಿ ಊರು ನೆನಪಾದಾಗಲೆಲ್ಲ ಆ ಜಡೆಯೂ ನೆನಪಾಗುತ್ತಿತ್ತು. 'ಇವನೂ ಅಷ್ಟೇನಾ…'

"ನಾನು ಕೆಲಸ ಬಿಡಲ್ಲ. ನಿಮ್ಮನ್ನ ಒಪ್ಕೊಂಡೂ ಇಲ್ಲ."

ಮಹೇಂದ್ರ ಗುದ್ದಲಿ ಬದಿಗಿಟ್ಟ. ಕೈ ತೊಳೆದು, ಅವಳ ಸೂಟ್‌ಕೇಸನ್ನು ಬೈಕಿಗೆ ಬಿಗಿದ.

ಅವಳನ್ನು ಸೋಸಲೆಗೆ ಕರೆತಂದು, ಮನೆಯ ಜಗಲಿಯಲ್ಲಿ ಅವಳ ಅಣ್ಣ ಬೋರಯ್ಯನ ಮುಂದೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ. "ಎಣ್ಣು ಒಪ್ಪಿಲ್ಲ ಕಣಣ್ಣ. ವೀಳ್ಯ ವಾಪಸ್."

"ಮಾನ ಕಳೀತೀಯೇನ್ಲಾ?" ಬೋರಯ್ಯ ಎದ್ದು ನಿಂತ.

"ಮಾನ ಕಳ್ದಿದ್ದು ನೀನು," ಪಲ್ಲವಿ ಸಿಡಿದಳು. "ನಾನು ಬರೋಗಂಟ ಕಾಯಕ್ಕಾಗ್ಲಿಲ್ವಾ?"

"ನೀನು ಅಲ್ಲೇ ಉಳ್ಕಬುಟ್ರೆ? ಅದ್ಕೇ ಇಲ್ಲೊಂದು ಗಂಟು ಆಕ್ದೆ ಕಣವ್ವ."

"ಗಂಟು ಹಾಕಕ್ಕೆ ನಾನೇನು ಹಸೂನಾ? ದೂರ ಇದ್ದೋಳಿಗೆ ಬಾಯಿ ಇಲ್ಲ ಅನ್ಕೊಂಡ್ಯಾ? ನಾನು ಈ ಮನೆಯವಳಲ್ಲ ಅಂತ ಯಾವತ್ತಾದ್ರೂ ಅಂದಿದ್ನಾ?"

ಬೋರಯ್ಯ ತಲೆ ತಗ್ಗಿಸಿದ.

ಬೀದಿಯಲ್ಲಿ ಮಹೇಂದ್ರನ ಬೈಕಿನ ಸದ್ದಾಯಿತು. ಅವಳು ಓಡಿಬಂದು ಹ್ಯಾಂಡಲ್ ಹಿಡಿದಳು.

"ವಾಪಸ್ ಕೊಟ್ಟು ಸುಮ್ನೆ ಹೊರಟುಬಿಟ್ರಾ? ನನ್ನ ಕೇಳಕ್ಕೇನು ಕಷ್ಟ?"

"ಕೇಳಿದ್ರೆ ಬೈತೀರಿ…"

"ಬೈತೀನಿ. ಆದ್ರೂ ಕೇಳಿ."

ಅವನು ಬೈಕ್ ಆಫ್ ಮಾಡಿದ. "ನನ್ನ ಮದುವೆ ಆಯ್ತೀರಾ? ಕೆಲಸ ಬಿಡೋದು ಬ್ಯಾಡ. ನೀವು ಓಗಿ, ಬನ್ನಿ. ನಾನು ಇಲ್ಲೇ ಇರ್ತೀನಿ."

ಇಷ್ಟು ಹೊತ್ತು ತಡೆದಿದ್ದ ಅಳು ಈಗ ಬಂತು. ಅದಕ್ಕೂ ಅವಳಿಗೆ ಕೋಪವೇ.

"ಆಗ್ತೀನಿ. ಆದ್ರೆ ಅದನ್ನ ನಮ್ಮಣ್ಣಂಗೆ ನಾನೇ ಹೇಳ್ತೀನಿ. ನೀವು ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ."

"ನಿಂತ್ಕತೀನಿ," ಎಂದ ಮಹೇಂದ್ರ.