ಕಣ್ಣಿಗೆ ಕಾಣುವ ಕ್ರಿಯಾಪದ

"'ತಿಳಿದುಕೊಳ್ಳುವರು' ಅಂತ ಬರೆದಿದ್ದೀರಲ್ಲ ಮೇಡಂ... ತಿಳಿದುಕೊಂಡದ್ದು ನನ್ನ ಕಣ್ಣಿಗೆ ಹೇಗೆ ಕಾಣ್ಸುತ್ತೆ?"

ಗೋದಾಮಿನ ಸೂಪರ್‌ವೈಸರ್ ಹನ್ನೆರಡು ಚಾಲಕರ ಎದುರೇ ಕೇಳಿಬಿಟ್ಟ! ತರಬೇತಿ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಅವಳ ಮುಖ ಕೆಂಪೇರಿತು. ಅವಳು ಬರೆದ ತರಬೇತಿಯ ಉದ್ದೇಶದ ಹಾಳೆಯಲ್ಲಿ, ಆ ಒಂದು ಪದಕ್ಕೆ ಅವನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ.

"ಸುರಕ್ಷತೆ ಬಗ್ಗೆ ಗೊತ್ತಿದ್ರೆ ಆಯ್ತಲ್ಲ?"

"ಗೊತ್ತು ಅಂತ ಎಲ್ಲರೂ ತಲೆ ಆಡಿಸ್ತಾರೆ. ಹೋದ ತಿಂಗಳು ಹಾಗೆ ತಲೆ ಆಡಿಸಿದವನೇ ಸರಕು ಎತ್ತೋ ಫೋರ್ಕ್‌ಲಿಫ್ಟ್ ಗಾಡಿ ತಂದು ಗೋಡೆಗೆ ಗುದ್ದಿದ! ಏನು ಮಾಡಿ ತೋರಿಸ್ತಾರೆ, ಅದನ್ನ ಬರೀರಿ."

'ಎಷ್ಟು ಕೊಬ್ಬು ಇವನಿಗೆ!'

ಬೈದುಕೊಂಡಳು, ನಿಜ. ಆದರೆ ಈ ತರಬೇತಿ ಗೆದ್ದರೆ ಮಾತ್ರ ಅವಳ ಕೆಲಸ ಖಾಯಂ ಆಗುತ್ತಿತ್ತು. ಆರು ಹಾಳೆ ಹರಿದುಹಾಕಿ ಕೊನೆಗೆ ಬರೆದಳು: 'ತರಬೇತಿ ಮುಗಿದಾಗ ಚಾಲಕರು, ತಪಾಸಣೆಯ ಪಟ್ಟಿ ನೋಡದೆ, ಹತ್ತು ನಿಮಿಷದೊಳಗೆ, ಗಾಡಿಯಲ್ಲಿ ಬೇಕೆಂದೇ ಇಟ್ಟ ಆರು ದೋಷಗಳನ್ನು ಬೆರಳಿಟ್ಟು ತೋರಿಸುವರು.'

ಅವನು ಓದಿದ. ಮೀಸೆಯಂಚಿನಲ್ಲಿ ನಗು ಮೂಡಿತು.

"ಈಗ ಕಾಣ್ಸಿತು ನೋಡಿ!"

ಅಯ್ಯೋ, ಆ ನಗು... ಅವಳ ಎದೆ ಡವಡವಗುಟ್ಟಿತು. ಆಮೇಲಿನ ಮೂರು ವಾರ ಹಾಳೆಗೊಂದು ಜಗಳ, ಜಗಳಕ್ಕೊಂದು ಟೀ.

"ಆ ಗೋದಾಮಿನವನ ಸುದ್ದಿ ಎತ್ತದೆ ಒಂದು ತುತ್ತು ನುಂಗು ನೋಡೋಣ!" ಎಂದು ಅಮ್ಮ ಛೇಡಿಸಿದರು. ಅವಳಿಂದ ಆಗಲಿಲ್ಲ.

ಕೊನೆಯ ದಿನ ವರದಿ ಕೇಳಲು ಅವನ ಮೇಜಿನ ಬಳಿ ಬಂದವಳು ಗಕ್ಕನೆ ನಿಂತಳು. ಮೇಜಿನ ಮೇಲಿದ್ದ ವರದಿಯ ಹಾಳೆಯಲ್ಲಿ 'ತರಬೇತಿಯಿಂದ ಆದ ಬದಲಾವಣೆ' ಎಂಬ ಕಾಲಂ ಖಾಲಿ! ಬರೆದು ಅಳಿಸಿದ ಗುರುತಷ್ಟೇ ಇತ್ತು.

"ಒಂದು ಸಾಲು ಬರೆಯೋಕೂ ಮನಸ್ಸು ಬರಲಿಲ್ವಾ?" ಕಣ್ಣಲ್ಲಿ ನೀರು ತುಂಬಿಕೊಂಡೇ ಹಾಳೆಯನ್ನು ಅವನ ಮುಂದೆ ತಳ್ಳಿದಳು. "ನನ್ನ ಕೆಲಸ ಹೋಗಲಿ ಅಂತಾನಾ?"

"ಅಯ್ಯಯ್ಯೋ! ನಿಮ್ಮ ವರದಿ ಬೆಳಿಗ್ಗೇನೇ ಮ್ಯಾನೇಜರಿಗೆ ಕೊಟ್ಟಾಯ್ತು. ಹನ್ನೆರಡು ಜನಾನೂ ಆರಕ್ಕೆ ಆರು ತೋರಿಸಿದ್ರಲ್ಲ! ನಿಮ್ಮ ಕೆಲಸ ಖಾಯಂ."

"ಮತ್ತೆ ಇದು?"

ಅಷ್ಟು ಮಾತಿನ ಮಲ್ಲ ತಡವರಿಸಿದ. "ಇದು... ನನ್ನಲ್ಲಿ ಆದ ಬದಲಾವಣೆ. 'ನಿಮ್ಮನ್ನು ಇಷ್ಟಪಡುವನು' ಅಂತ ನಾಲ್ಕು ಸಲ ಬರೆದೆ. ಅದು ಕಣ್ಣಿಗೆ ಕಾಣಲ್ವಲ್ಲ... ನಾನೇ ಮಾಡಿದ ನಿಯಮ!"

ಕಣ್ಣೀರು ಒರೆಸಿಕೊಳ್ಳುವ ಮೊದಲೇ ಅವಳಿಗೆ ನಗು ಉಕ್ಕಿತು. ಅವನ ಜೇಬಿನಿಂದ ಕೆಂಪು ಪೆನ್ನು ಎಳೆದು ಮುಂದಿಟ್ಟಳು.

"ಏನು ಮಾಡಿ ತೋರಿಸ್ತೀರಿ, ಅದನ್ನ ಬರೀರಿ."

ಅವನು ಬರೆದ: 'ಭಾನುವಾರ ಸಂಜೆ ಐದಕ್ಕೆ, ಚೀಟಿ ನೋಡದೆ, ತಡವರಿಸದೆ, ಇವರ ಅಮ್ಮನ ಎದುರು ನಿಂತು ಹೆಣ್ಣು ಕೇಳುವನು.'

"ಫೇಲಾದ್ರೆ?" ಎಂದ ಮೆಲ್ಲಗೆ.

"ಮತ್ತೆ ತರಬೇತಿ ಕೊಡ್ತೀನಿ."

"ಎಷ್ಟು ದಿನ?"

ಅವಳು ಅವನ ಬೆರಳುಗಳ ಮೇಲೆ ಕೈಯಿಟ್ಟಳು.

"ಅವಧಿಯ ಕಾಲಂ ಮಾತ್ರ... ಖಾಲಿ ಬಿಡಿ."