ಫ್ಯಾನಿನ ಹಿಂದಿನ ಸುತ್ತು

"ಬಿಡಿಭಾಗ ಬೇಕಾದ್ರೆ ಕಳಚ್ಕೊಳ್ಳಿ ಸಾರ್. ಫ್ಯಾನ್ ಹಿಂದೆ ಸುತ್ತಿರೋದನ್ನ ಮಾತ್ರ ಬಿಚ್ಬೇಡಿ," ಎಂದ ಗುಜರಿ ಅಂಗಡಿಯ ಅಹ್ಮದ್ ಪಾಷಾ, ಹಳೇ ದೋಣಿ ಮೋಟರೊಂದನ್ನು ತೋರಿಸುತ್ತ. ಶಿವಾಜಿನಗರದ ಆ ಗದ್ದಲದಲ್ಲೂ ಅವನು ದನಿ ತಗ್ಗಿಸಿದ್ದ.

ಕೆಂಪರಾಜನಿಗೆ ನಗು ಬಂತು. ಬಾಣಸವಾಡಿಯಲ್ಲಿ ಅವನ ತಾತನ ಹೊಲವೆಲ್ಲ ಬಾಡಿಗೆ ಮನೆಗಳಾಗಿದ್ದವು. ಕೂತು ಉಣ್ಣುವ ಭಾಗ್ಯ. ಹೊತ್ತು ಹೋಗಲೆಂದು ಅವನು ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೇ ಮೋಟರುಗಳನ್ನು ತಂದು, ರಿಪೇರಿ ಮಾಡಿ, ಕೆರೆ ದಂಡೆಯ ರೆಸಾರ್ಟಿನವರಿಗೆ ಮಾರುತ್ತಿದ್ದ. ಅಂಥ ಮೋಟರುಗಳ, ನೀರಿನೊಳಗೆ ತಿರುಗುವ ಫ್ಯಾನಿನ ಹಿಂದೆ ಮೀನುಗಾಳದ ದಾರ ಸುತ್ತಿಕೊಂಡಿರುವುದು ಮಾಮೂಲು. ಬಿಚ್ಚದಿದ್ದರೆ ಅದು ಸೀಲನ್ನು ಕೊಯ್ದು ಗೇರ್‌ಬಾಕ್ಸಿಗೆ ನೀರು ನುಗ್ಗುತ್ತದೆ. ಈ ಕೆಲಸದ ಮೊದಲ ಪಾಠವನ್ನೇ ಮರೆ ಎನ್ನುತ್ತಾನಲ್ಲ ಈ ಪಾಷಾ!

ದಾರವಲ್ಲ, ಕೂದಲು ಎಂದ ಪಾಷಾ. ಯಾವುದೋ ಕೆರೆಯಲ್ಲಿ ಈಜುತ್ತಿದ್ದ ಪುಟ್ಟ ಹುಡುಗಿಯ ಜಡೆ ಇದೇ ಫ್ಯಾನಿಗೆ ಸಿಕ್ಕಿ ಅವಳು ಮುಳುಗಿ ಸತ್ತಳಂತೆ. ಅವಳು ಕಾಡಿಯಾಳೆಂದು ಹೆದರಿದ ದೋಣಿಯವನು ಮಂತ್ರವಾದಿಯನ್ನು ಕರೆಸಿ, ಅವಳ ಕೂದಲಿನಿಂದಲೇ ಅವಳನ್ನು ಮೋಟರಿಗೆ ಕಟ್ಟು ಹಾಕಿಸಿದನಂತೆ.

"ಹಂಗಾದ್ರೆ ನಮ್ಮನೆ ಡ್ರಮ್ಮಲ್ಲಿ ಈಜ್ಲಿ ಬಿಡಿ," ಎಂದು ಕೆಂಪರಾಜ ಗೇಲಿ ಮಾಡಿ, ಮೋಟರನ್ನು ಆಟೋಗೆ ಹಾಕಿಸಿಕೊಂಡ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಿತ್ತಲಲ್ಲಿ ಫ್ಯಾನ್ ಕಳಚಿದ. ಶಾಫ್ಟಿಗೆ ಬಿಗಿಯಾಗಿ ಸುತ್ತಿದ್ದ ಕಪ್ಪು ಉಂಡೆಯಿಂದ ಅರಿಶಿನ, ಸುಟ್ಟ ಎಣ್ಣೆ, ಕೊಳೆತ ಜೊಂಡಿನ ವಾಸನೆ ಎದ್ದಿತು. ಎಳೆಗಳು ಗಾಳದ ದಾರಕ್ಕಿಂತ ತೆಳ್ಳಗಿದ್ದವು. ಕೈ ಒಂದು ಗಳಿಗೆ ತಡೆಯಿತು. ಅಳುಕಿದ ಎಂದೇ ಹೇಳಬೇಕು. ಆದರೆ ಗುಜರಿಯವನ ಮಾತಿಗೆ ಹೆದರಿದೆನೆಂದು ತನಗೆ ತಾನೇ ಒಪ್ಪಿಕೊಳ್ಳುವುದುಂಟೇ? ಬ್ಲೇಡು ಹಾಕಿದ. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಮೋಟರು; ಎಳೆಗಳು ಮಾತ್ರ ಒದ್ದೊದ್ದೆಯಾಗಿ ಬಿಚ್ಚಿಕೊಂಡವು.

ಫ್ಯಾನ್ ಮತ್ತೆ ಕೂರಿಸಿದ. ಪರೀಕ್ಷೆಗೆಂದು ನೀರು ತುಂಬಿಟ್ಟಿದ್ದ ನೀಲಿ ಡ್ರಮ್ಮಿಗೆ ಮೋಟರನ್ನು ಇಳಿಬಿಟ್ಟು ಚಾಲೂ ಮಾಡುವ ಹಗ್ಗ ಎಳೆದ. ಮೊದಲ ಎಳೆತಕ್ಕೇ ಅದು ಗುಡುಗಿತು. ಸದ್ದಿಗೆ ಆರು ವರ್ಷದ ಮಗಳು ಹಂಸ ಓಡಿಬಂದಳು. ದೂರ ನಿಲ್ಲು ಎಂದು ಗದರಿದ. ಅವಳಿಗೆ ಕೇಳಿಸಿದಂತಿರಲಿಲ್ಲ. ಡ್ರಮ್ಮಿನೊಳಗೆ ಯಾರನ್ನೋ ಮಾತಾಡಿಸಲು ಹೊರಟವಳಂತೆ ಬಗ್ಗಿದಳು.

ಕೆಂಪರಾಜ ಮೋಟರು ನಿಲ್ಲಿಸುವ ಸ್ವಿಚ್ ಒತ್ತಿದ. ನಿಲ್ಲಲಿಲ್ಲ. ಪೆಟ್ರೋಲ್ ಪೈಪು ಕಿತ್ತ. ನಿಲ್ಲಲಿಲ್ಲ. ನೀರು ಕಪ್ಪಾಯಿತು. ಬಿಸಿಲು ಮಂಕಾಯಿತು. ಹಂಸಳ ಜಡೆ ಭುಜದಿಂದ ಜಾರಿತು. ನೀರು ಮುಟ್ಟಿತು. ಯಾರೋ ಜಗ್ಗಿದರು. ಕೆನ್ನೆ ಡ್ರಮ್ಮಿನ ಅಂಚಿಗೆ ಬಡಿಯಿತು. "ಅಪ್ಪಾ," ಎಂದಳು, ಒಂದೇ ಸಲ. ತಲೆ ಮುಳುಗಿತು. ಅವನು ಬಲಗೈಯನ್ನು ತಿರುಗುವ ಫ್ಯಾನಿಗೇ ತುರುಕಿದ.

ಮೋಟರು ನಿಂತಿತು.

ಅವನ ಮೂರು ಬೆರಳು ಹೋದವು. ಹಂಸಳ ಕೆನ್ನೆ ತರಚಿತ್ತು, ಅಷ್ಟೇ. ಸಂಜೆ ಆಸ್ಪತ್ರೆಯ ಮಂಚದ ಮೇಲೆ ಕೆಂಪರಾಜ ಅಷ್ಟು ನೋವಿನಲ್ಲೂ ನಿರಾಳವಾಗಿದ್ದ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು; ಬೆರಳು ಹೋದರೆ ಹೋಗಲಿ, ಮಗಳು ಉಳಿದಳಲ್ಲ ಎಂದು ಕಣ್ಣು ತುಂಬಿಕೊಂಡ.

ಹೆಂಡತಿ ರಮ್ಯಶ್ರೀ ಮಗಳ ಭುಜ ಹಿಡಿದು ಮಂಚದ ಹತ್ತಿರ ಕರೆತಂದಳು. ಹಂಸ ಅವನ ಬ್ಯಾಂಡೇಜು ನೋಡಿದಳು. ತಲೆಯೆತ್ತಿ ರಮ್ಯಶ್ರೀಯ ಮುಖ ನೋಡಿದಳು. ಆಮೇಲೆ ಭುಜದ ಮೇಲಿದ್ದ ಆ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಅಪರಿಚಿತರ ಮುಂದೆ ನಿಂತ ಮಕ್ಕಳ ಸಂಕೋಚದಲ್ಲಿ ಕೇಳಿದಳು.

"ಅಂಕಲ್, ನಮ್ಮಮ್ಮ ಎಲ್ಲಿ?"