ಸಣ್ಣಬೀರಯ್ಯನ ಸೈಕಲ್ಲಿನ ಗೇರು

೧೯೪೧ನೆಯ ಇಸವಿ ಜುಲೈ ೧೪, ಸೋಮವಾರ. ಬೆಳಿಗ್ಗೆ ಒಂಬತ್ತೂಕಾಲು ಗಂಟೆಗೆ ಹುಣಸೂರು ಪೊಲೀಸ್ ಠಾಣೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯೊಳಗೆ ಹುಲ್ಲಿನ ಮೇಲೆ ಒಂದು ಸೈಕಲ್ಲನ್ನು ಮಲಗಿಸಿದ್ದರು. ಅದರ ಹ್ಯಾಂಡಲ್ ಹಿಡಿದುಕೊಂಡು ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು.

ದಫೇದಾರ್ ಹುಚ್ಚಯ್ಯ ಜಗಲಿಯಿಂದಲೇ ಕೇಳಿದ. "ಏನಮ್ಮಾ? ಸೈಕಲ್ ಕಳುವಾಗಿ ಸಿಕ್ತಾ?"

"ಸೈಕಲ್ ಕಳುವಾಗಿಲ್ಲ ಸಾಮಿ. ನಮ್ಮೆಜಮಾನ್ರು ಓಗ್ಬುಟ್ರು."

ಆಕೆ ಕಟ್ಟೆಮಳಲವಾಡಿಯ ಸಾಕಮ್ಮ. ಗಂಡ ಸಣ್ಣಬೀರಯ್ಯ ಹಳ್ಳಿಹಳ್ಳಿ ತಿರುಗಿ ಮಕ್ಕಳಿಗೆ ಸಿಡುಬು ಬರದಂತೆ ದಾಕು ಹಾಕುವ ಸರ್ಕಾರಿ ನೌಕರ. ಜುಲೈ ಮೂರರಂದು ಹೆಗ್ಗಡದೇವನಕೋಟೆಯ ಹತ್ತಿರ ಹ್ಯಾಂಡ್‌ಪೋಸ್ಟಿನ ಏರಿನಲ್ಲಿ ಸೈಕಲ್ಲಿನಿಂದ ಮುಗ್ಗರಿಸಿ, ಮೋರಿಯ ಕಲ್ಲಿಗೆ ತಲೆ ಬಡಿದು, ಮರುದಿನ ಕೋಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಆಕಸ್ಮಿಕ ಮರಣವೆಂದು ದಾಖಲಾಗಿತ್ತು. ಸೈಕಲ್ಲನ್ನು ಮನೆಯವರಿಗೆ ಒಪ್ಪಿಸಿದ್ದರು.

ಇನ್ಸ್‌ಪೆಕ್ಟರ್ ವೀರಭದ್ರಸ್ವಾಮಿ ಆಕೆಯನ್ನು ಒಳಗೆ ಕರೆಸಿ ಕೂರಿಸಿದರು.

"ಬಿದ್ದದ್ದು ಕೋಟೆಯಲ್ಲಿ. ಇಲ್ಲಿಗೆ ಯಾಕೆ ಬಂದಿರಿ?"

"ಸೈಕಲ್ ರಿಪೇರಿ ಆದದ್ದು ಈ ಊರಲ್ಲಿ ಸಾಮಿ. ಮೇ ತಿಂಗಳಲ್ಲಿ ಹಿಂದಿನ ಚಕ್ರದ ಕಡ್ಡಿ ಮುರಿದಿತ್ತು ಅಂತ ಪೀರ್ ಸಾಬ್ರ ಅಂಗಡೀಲಿ ನಾಕು ದಿನ ಬುಟ್ಟಿದ್ರು. ಬಂದ್ಮೇಲೆ ಒಂದಿನಾನೂ ಅವರಿಗೆ ಸಮಾಧಾನ ಇರ್ನಿಲ್ಲ. 'ಇದು ನನ್ ಸೈಕಲ್ಲೇ ಅಲ್ಲ ಕಣೇ, ತುಳೀತಾ ತುಳೀತಾ ಕಾಲು ಕುಸೀತದೆ' ಅನ್ನೋರು."

"ಹಾಗಂತ ಅಂಗಡಿಯವರಿಗೆ ಹೇಳಲಿಲ್ಲವೇ?"

"ಜೂನ್‌ನಾಗೆ ಒಂದು ಕಿತ ಓಗಿದ್ರು. ತಂತಿ ಬಿಗಿ ಮಾಡಿ ಕಳಿಸಿದ್ರಂತೆ." ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಆಸ್ಪತ್ರೇಲಿ ಕಣ್ಣು ಬುಟ್ಟಾಗ ಅಂದದ್ದು ಒಂದೇ ಮಾತು. 'ಗೇರು ಕೈಕೊಡ್ತು ಸಾಕಿ' ಅಂತ. ಮಕ್ಕಳ ಸುದ್ದಿ ಕೂಡ ಎತ್ತಲಿಲ್ಲ ಸಾಮಿ. ಗೇರಿನ ಸುದ್ದಿ ಎತ್ತಿದ್ರು."

ವೀರಭದ್ರಸ್ವಾಮಿ ಹೊರಗೆ ಬಂದು ಸೈಕಲ್ಲನ್ನು ನೋಡಿದರು. ಇಂಗ್ಲೆಂಡಿನ ಮೂರು ಗೇರಿನ ಸೈಕಲ್ಲು. ೧೯೩೮ರಲ್ಲಿ ಮೈಸೂರಿನಲ್ಲಿ ಹೊಸದಾಗಿ ಕೊಂಡದ್ದಕ್ಕೆ ಸಾಕಮ್ಮನ ಬಳಿ ರಸೀದಿ ಇತ್ತು. ಅವರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಕಾನ್‌ಸ್ಟೇಬಲ್ ನಿಂಗಯ್ಯನನ್ನು ಕರೆದು ಠಾಣೆಯ ಪಕ್ಕದ ದಿಬ್ಬದ ಮೇಲೆ ಓಡಿಸಲು ಹೇಳಿದರು. ಹ್ಯಾಂಡಲಿನ ಮೇಲಿನ ಗೇರಿನ ಲಿವರ್ ಎರಡನೆಯ ಗೇರಿನಲ್ಲೇ ಇರಲಿ ಎಂದೂ ಹೇಳಿದರು. ಸಾಕಮ್ಮ ತಂದಿದ್ದ ಕೋಟೆ ಪೊಲೀಸರ ಮಹಜರಿನ ನಕಲಿನಲ್ಲಿ ಲಿವರ್ ಎರಡನೆಯ ಗೇರಿನಲ್ಲಿತ್ತೆಂದು ನಮೂದಾಗಿತ್ತು.

ಎರಡು ಸಲ ನಿಂಗಯ್ಯ ಸಲೀಸಾಗಿ ಹತ್ತಿದ. ಮೂರನೆಯ ಸಲ ಪೆಡಲಿನ ಮೇಲೆ ಎದ್ದು ನಿಂತು ತುಳಿದಾಗ ಕಾಲು ಬುಳಕ್ಕನೆ ಕೆಳಗಿಳಿಯಿತು. ಅವನು ಹ್ಯಾಂಡಲಿನ ಮೇಲೆ ಬೋರಲಾಗಿ, ಪಕ್ಕದ ಬೇಲಿಯ ಮೇಲೆ ಬಿದ್ದ. ಮೊಣಕೈ ತರಚಿತ್ತು.

"ಏನಾಯ್ತೋ?"

"ಚಕ್ರಾನೇ ಇಲ್ಲ ಅನ್ನಂಗಾಯ್ತು ಸಾರ್. ಗಾಳಿ ತುಳಿದಂಗೆ."

ಹತ್ತೂವರೆಗೆ ಎಫ್.ಐ.ಆರ್. ದಾಖಲಾಯಿತು.

ಮಧ್ಯಾಹ್ನ ಪೀರ್ ಸಾಬನನ್ನು ಠಾಣೆಗೆ ಕರೆತಂದರು. ಅರವತ್ತು ದಾಟಿದ ಮುದುಕ. ಹುಣಸೂರಿನಲ್ಲಿ ಮೊದಲು ಸೈಕಲ್ ಅಂಗಡಿ ಇಟ್ಟವನು ಅವನೇ. ಹಿಂದಿನ ಚಕ್ರದ ನಡುವೆ ಕೂರುವ ಗೇರಿನ ಹಬ್ ಬಿಚ್ಚಿ ಜೋಡಿಸಬಲ್ಲವರು ಪಿರಿಯಾಪಟ್ಟಣದಿಂದ ಕೋಟೆಯವರೆಗೆ ಅವನ ಅಂಗಡಿಯಲ್ಲಿ ಮಾತ್ರ ಇದ್ದರು. ಸಾಕಮ್ಮನನ್ನು ಕಂಡು ಅವನು ಸಲಾಂ ಮಾಡಿದ. ಆಕೆ ಮುಖ ತಿರುಗಿಸಿದಳು.

"ಮೇ ತಿಂಗಳಲ್ಲಿ ಈ ಸೈಕಲ್ ನಿಮ್ಮ ಅಂಗಡಿಗೆ ಬಂದಿತ್ತು?"

"ಬಂದಿತ್ತಂತೆ ಸಾಬ್. ನಾನು ಇರಲಿಲ್ಲ. ಮಗಳು ಫಾತಿಮುನ್ನೀಸಾಗೆ ಹೆರಿಗೆ, ಮೈಸೂರಲ್ಲಿದ್ದೆ. ಬೇಕಾದರೆ ಅಳಿಯನ್ನ ಕೇಳಿ."

"ಆಮೇಲೆ ಕೇಳುತ್ತೇನೆ. ಈಗ ಇದನ್ನು ನೋಡಿ ಹೇಳಿ. ಇದು ಕಂಪನಿಯಿಂದ ಬಂದ ಹಾಗೇ ಇದೆಯೋ ಇಲ್ಲವೋ?"

ಪೀರ್ ಸಾಬ್ ಕನ್ನಡಕ ಹಾಕಿಕೊಂಡು ಮೊದಲು ಹ್ಯಾಂಡಲಿನ ಲಿವರನ್ನು ಮೂರು ಸಲ ಮೇಲೆ ಕೆಳಗೆ ಆಡಿಸಿದ. ಕಿವಿಯನ್ನು ಹಿಂದಿನ ಚಕ್ರದ ಹತ್ತಿರ ತಂದು ಕೇಳಿಸಿಕೊಂಡ. ಆಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಹಬ್ಬಿನ ಜಿಡ್ಡು ಒರೆಸಿದ.

"ಲಿವರ್ ಅಸಲಿ," ಎಂದ ಕೊನೆಗೆ. "ಹ್ಯಾಂಡಲ್ ಮೇಲೆ ಬೆರಳಲ್ಲೇ ಒತ್ತೋ ಈ ಲಿವರ್ ಬಂದಿದ್ದೇ ಮೂವತ್ತೆಂಟರಲ್ಲಿ. ಅದಕ್ಕೆ ಮುಂಚೆ ಗೇರಿನ ಕಡ್ಡಿ ಇರ್ತಿದ್ದದ್ದು ಸೀಟಿನ ಮುಂದಿನ ದಂಡದ ಮೇಲೆ. ಹಬ್ಬು ಇದರದ್ದಲ್ಲ ಸಾಬ್. ಬೇರೆ ಕಂಪನೀದು. ಹದಿನೈದು ವರ್ಷದ ಹಳೇದು."

"ಹಬ್ಬಿನ ಮೇಲೆ ಇಂಗ್ಲಿಷಿನ ಎಂಟು ಒತ್ತಿದೆಯಲ್ಲ?"

"ಅದೇ ಹೇಳ್ತೀನಿ. ಈ ಸೈಕಲ್ಲಿನ ಕಂಪನಿಯೋರು ಹಬ್ಬು ಮಾಡಿದ ವರ್ಷದ ಅಂಕಿ ಒತ್ತುತಾರೆ. ಮೂವತ್ತೆಂಟು ಅಂದ್ರೆ ಎಂಟು. ಆದ್ರೆ ಅವರದ್ದು ಒಂದೇ ಏಟಿನ ಎಂಟು. ಇದು ನೋಡಿ, ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ. ಅಕ್ಕಸಾಲಿಯ ದುಂಡುಬಾಯಿ ಉಳಿ ತಗೊಂಡು ಎರಡು ಸಲ ಹೊಡೆದವ್ರೆ. ಮೊದಲಿದ್ದ ಹೆಸರನ್ನ ಅರ ಹಾಕಿ ಉಜ್ಜವ್ರೆ."

"ಬಿದ್ದದ್ದಕ್ಕೂ ಇದಕ್ಕೂ ಏನು ಸಂಬಂಧ?"

"ಗೇರಿನ ಹಲ್ಲೆಲ್ಲ ಹಬ್ಬಿನ ಒಳಗಿರ್ತದೆ. ಲಿವರ್ ತಂತಿ ಎಳೆದ್ರೆ ಗೇರು ಬದಲಾಗ್ತದೆ. ಎರಡನೇ ಗೇರಿಗೂ ಮೂರನೇದಕ್ಕೂ ನಡುವೆ ಒಂದು ಖಾಲಿ ಜಾಗ ಐತೆ. ಅಲ್ಲಿ ನಿಂತ್ರೆ ತುಳಿದದ್ದು ಚಕ್ರಕ್ಕೆ ಮುಟ್ಟಲ್ಲ. ಈ ಲಿವರ್ ಎಳೆಯೋದೇ ಒಂದಳತೆ, ಈ ಹಬ್ಬಿಗೆ ಬೇಕಾದ್ದೇ ಇನ್ನೊಂದಳತೆ. ಎಷ್ಟು ಬಿಗಿ ಮಾಡಿದ್ರೂ ಒಂದಲ್ಲ ಒಂದಿನ ಆ ಖಾಲಿ ಜಾಗಕ್ಕೆ ಜಾರ್ತದೆ." ಅವನು ಕನ್ನಡಕ ತೆಗೆದ. "ಕೆಲಸ ಗೊತ್ತಿರೋನಿಗೆ ಇದು ಗೊತ್ತಿರ್ತದೆ."

"ಮಾಡಿದವರು ಯಾರು?"

"ನನಗೆ ಹೆಂಗೆ ಗೊತ್ತು ಸಾಬ್?"

ವೀರಭದ್ರಸ್ವಾಮಿ ಹಬ್ಬಿನ ಮೇಲೆ ಬಗ್ಗಿದರು. ಅರದ ಗೆರೆಗಳು ಸಣ್ಣಗೆ, ಒಂದೇ ಕಡೆಗೆ ವಾಲಿದ್ದವು. ತಮ್ಮ ಮೇಜಿನ ಹಿತ್ತಾಳೆಯ ತೂಕದ ಕಲ್ಲನ್ನೂ ಒಂದು ಅರವನ್ನೂ ತರಿಸಿ ಪೀರ್ ಸಾಬನಿಗೆ ಉಜ್ಜಲು ಹೇಳಿದರು. ಅವನು ಉಜ್ಜಿದ. ಗೆರೆಗಳು ಎದುರು ದಿಕ್ಕಿಗೆ ವಾಲಿದವು.

"ನಿಮ್ಮ ಅಂಗಡಿಯಲ್ಲಿ ಎಡಗೈಯಲ್ಲಿ ಕೆಲಸ ಮಾಡುವವರು ಯಾರು?"

ಮುದುಕ ಅರವನ್ನು ಮೇಜಿನ ಮೇಲೆ ಇಟ್ಟ. ಕಿಟಕಿಯಾಚೆ ಸಾಕಮ್ಮ ಗಾಡಿಯ ನೆರಳಿನಲ್ಲಿ ಕೂತದ್ದು ಅಲ್ಲಿಂದ ಕಾಣುತ್ತಿತ್ತು.

"ಎಂಟು ವರ್ಷ ನನ್ನ ಹತ್ರ ಕಲಿತ ಸಾಬ್. ನನಗಿಂತ ಒಳ್ಳೆ ಕೈ ಅವಂದು," ಎಂದ ಪೀರ್ ಸಾಬ್. "ಖದೀರ್ ಅಂತ. ಜೂನ್ ಕೊನೇಲಿ ಕೆಲಸ ಬಿಟ್ಟ. ಕೃಷ್ಣರಾಜನಗರದಲ್ಲಿ ತನ್ನ ಮನೇಲೇ ಸ್ವಂತ ಅಂಗಡಿ ಇಟ್ಟವ್ನೆ. ಮುಂಚೆ ಅಲ್ಲಿಂದಲೇ ಬಂದು ಹೋಗಿ ಮಾಡ್ತಿದ್ದ." ಸ್ವಲ್ಪ ತಡೆದು, "ಆ ಹೆಣ್ಣುಮಗಳು ಹೊರಗೆ ಕೂತಿರದೇ ಇದ್ದಿದ್ರೆ ನಾನು ಹೇಳ್ತಿರಲಿಲ್ಲ," ಎಂದ.

ಹಬ್ಬನ್ನು ಬಿಚ್ಚುವಾಗ ಪೀರ್ ಸಾಬ್ ಇನ್ನೊಂದು ಗುರುತನ್ನು ತೋರಿಸಿದ. ಗೇರಿನ ಚಕ್ರದ ನಡುವಿನ ಇರುಸು ತಿರುಗದಂತೆ ಹಲ್ಲಿನ ವಾಷರ್ ಹಾಕಿ ಬಿಗಿಯುತ್ತಾರೆ. ಆ ಹಲ್ಲುಗಳು ಚೌಕಟ್ಟಿನ ಕಬ್ಬಿಣದ ಮೇಲೆ ಅಚ್ಚೊತ್ತಿರುತ್ತವೆ. ಈ ಸೈಕಲ್ಲಿನ ಬಲಗಡೆ ಎರಡು ಬಗೆಯ ಅಚ್ಚುಗಳಿದ್ದವು. ಹೊಸದು ಈಗಿನ ವಾಷರಿನದು. ಅದರ ಕೆಳಗೆ ತುಕ್ಕು ಹಿಡಿದ ಹಳೆಯ ಅಚ್ಚು, ಅದರಲ್ಲಿ ಮೂರನೆಯ ಹಲ್ಲಿನ ಗುರುತೇ ಇರಲಿಲ್ಲ. ಅಂದರೆ ಅಸಲಿ ವಾಷರಿನ ಒಂದು ಹಲ್ಲು ಮುರಿದಿತ್ತು. ಇಬ್ಬರು ಪಂಚರ ಮುಂದೆ ಕಾಗದದ ಮೇಲೆ ಅಚ್ಚಿನ ನಕಲು ತೆಗೆದು ಪಂಚನಾಮೆ ಬರೆದಾಗ ಸಂಜೆ ಐದು.

ಜುಲೈ ೧೫, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಇನ್ಸ್‌ಪೆಕ್ಟರು, ಹುಚ್ಚಯ್ಯ, ನಿಂಗಯ್ಯ ಮೂವರೂ ಮೋಟಾರಿನಲ್ಲಿ ಕೃಷ್ಣರಾಜನಗರಕ್ಕೆ ಬಂದಿಳಿದರು. ಅಲ್ಲಿನ ಠಾಣೆಗೆ ತಿಳಿಸಿ, ಖದೀರನ ಅಂಗಡಿ ಹುಡುಕಿಕೊಂಡು ಹೋದರು. ತಗ್ಗಿನ ಗಲ್ಲಿಯಲ್ಲಿ ಒಂದು ಮನೆ, ಅದರ ಮುಂಭಾಗವೇ ಅಂಗಡಿ. ಗಲ್ಲಿಯಿಂದ ಪೇಟೆಬೀದಿಗೆ ಹೋಗಬೇಕಾದರೆ ಐವತ್ತು ಮಾರು ಏರು ಹತ್ತಬೇಕು.

ಖದೀರನಿಗೆ ಇಪ್ಪತ್ತಾರು ವರ್ಷ. ಎಡಗೈಯಲ್ಲಿ ಸ್ಪ್ಯಾನರ್ ಹಿಡಿದಿದ್ದವನು ಖಾಕಿ ಕಂಡು ಎದ್ದು ನಿಂತ.

"ಸಣ್ಣಬೀರಯ್ಯ ಗೊತ್ತೋ?"

"ಗೊತ್ತು ಸಾಮಿ. ದಾಕು ಹಾಕೋರು."

"ಅವರ ಗೇರಿನ ಹಬ್ ಯಾರಿಗೆ ಮಾರಿದೆ?"

"ನಾನು ಯಾರಿಗೂ ಮಾರಿಲ್ಲ."

ಅವನು ಹೇಳಿದ್ದು ಸುಳ್ಳಲ್ಲವೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಲ್ಲಿಯ ಏರಿನ ತುದಿಯಲ್ಲಿ ಒಂದು ಮೂರು ಚಕ್ರದ ಕುರ್ಚಿಗಾಡಿ ಕಾಣಿಸಿಕೊಂಡಿತು. ಮುಂದೆ ಎರಡು ಚಕ್ರ, ಹಿಂದೆ ಒಂದು. ಅದರಲ್ಲಿ ಕೂತ ಯುವತಿ ಎದೆಯ ಮಟ್ಟದಲ್ಲಿದ್ದ ಪೆಡಲುಗಳನ್ನು ಕೈಯಲ್ಲಿ ತಿರುಗಿಸುತ್ತ ಇಳಿದು ಬಂದಳು. ತಲೆಯ ಮೇಲೆ ದುಪಟ್ಟ, ಮಡಿಲಲ್ಲಿ ಹೊಲಿಗೆಯ ಬುಟ್ಟಿ. ಅಂಗಡಿಯ ಮುಂದೆ ಬಂದಾಗ ಹಿಂದಿನ ಚಕ್ರದ ಗೇರಿನಿಂದ ಟಿಕ್ ಟಿಕ್ ಎಂಬ ಸಣ್ಣ ಶಬ್ದ ಕೇಳಿಸುತ್ತಿತ್ತು.

"ನನ್ನ ತಂಗಿ, ಅಜೀಜುನ್ನೀಸಾ," ಎಂದ ಖದೀರ್. "ಅವಳಿಗೆ ಏನೂ ಗೊತ್ತಿಲ್ಲ ಸಾಮಿ."

ಹುಚ್ಚಯ್ಯ ಬಗ್ಗಿ ಹಿಂದಿನ ಹಬ್ಬನ್ನು ಒರೆಸಿದ. ಒಂದೇ ಏಟಿನ ಎಂಟು. ಗೇರಿನ ಲಿವರ್ ಮಾತ್ರ ಕಂಪನಿಯದಲ್ಲ. ಹಿತ್ತಾಳೆಯ ಪಟ್ಟಿಯನ್ನು ಕೊರೆದು, ಹಬ್ಬಿನ ಅಳತೆಗೆ ಸರಿಯಾಗಿ ಮೂರು ಕಚ್ಚು ಹಾಕಿ, ಕೈಯಲ್ಲೇ ಮಾಡಿದ್ದು. ಬೆರಳಿಗೆ ಒತ್ತದಂತೆ ಅದರ ತುದಿಗೆ ಬಟ್ಟೆ ಸುತ್ತಿತ್ತು.

"ಇದನ್ನು ಬಿಚ್ಚಬೇಕು," ಎಂದರು ವೀರಭದ್ರಸ್ವಾಮಿ.

"ಯಾಕೆ?" ಅಜೀಜುನ್ನೀಸಾ ಅಣ್ಣನ ಮುಖ ನೋಡಿದಳು. "ಯಾಕಣ್ಣಾ?"

ಖದೀರ್ ಸ್ಪ್ಯಾನರನ್ನು ಕೆಳಗಿಟ್ಟ. ಇನ್ಸ್‌ಪೆಕ್ಟರೇ ಹೇಳಬೇಕಾಯಿತು. ಹಬ್ಬು ಯಾರದು, ಅವರು ಹೇಗೆ ಸತ್ತರು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಅವಳು ಪೆಡಲಿನ ಮೇಲಿದ್ದ ಎರಡೂ ಕೈಗಳನ್ನು ತಟ್ಟನೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಅವರಿಗೆ ಮಕ್ಕಳಿದ್ದಾರಾ?"

"ಇಬ್ಬರು."

"ನನ್ನ ಕೆಳಗಿಳಿಸಣ್ಣಾ," ಎಂದಳು.

ಖದೀರ್ ಅವಳನ್ನು ಎತ್ತಿ ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂರಿಸಿದ. ಹಬ್ಬನ್ನು ಕೆಡದಂತೆ ಬಿಚ್ಚಬಲ್ಲವರು ಆ ಊರಿನಲ್ಲಿ ಬೇರೆ ಯಾರೂ ಇಲ್ಲದ ಕಾರಣ, ಇಬ್ಬರು ಪಂಚರ ಸಮಕ್ಷಮ ಅವನ ಕೈಯಲ್ಲೇ ಬಿಚ್ಚಿಸಿದರು. ಬಲಗಡೆಯ ವಾಷರಿನಲ್ಲಿ ಒಂದು ಹಲ್ಲು ಮುರಿದಿತ್ತು. ಹುಣಸೂರಿನಿಂದ ತಂದಿದ್ದ ನಕಲಿನ ಮೇಲೆ ಇಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಖದೀರನನ್ನು ದಸ್ತಗಿರಿ ಮಾಡಿದರು.

ಹೇಳಿಕೆಯನ್ನು ಅಲ್ಲಿನ ಠಾಣೆಯಲ್ಲಿ ಬರೆದುಕೊಂಡರು.

ಅಜೀಜುನ್ನೀಸಾಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಾಲುಗಳು ಬಿದ್ದುಹೋದವು. ಆಮೇಲೆ ಅಣ್ಣನ ಬೆನ್ನೇ ಅವಳ ಕಾಲು. ಇಪ್ಪತ್ತನೆಯ ವಯಸ್ಸಿನಲ್ಲಿ ಒಂದು ದಿನ ಪೇಟೆಯಲ್ಲಿ ಯಾರೋ 'ಮೂಟೆ ಬಂತು' ಎಂದು ನಕ್ಕರು. ಅಂದಿನಿಂದ ಎರಡು ವರ್ಷ ಅವಳು ಬೀದಿ ನೋಡಲಿಲ್ಲ. ಬೀದಿಯ ಮಾತೆತ್ತಿದರೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಖದೀರ್ ಹಳೆಯ ಕೊಳವೆಗಳನ್ನು ಸೇರಿಸಿ ಕೈಗಾಡಿ ಮಾಡಿದ. ಸಮತಟ್ಟಿನಲ್ಲಿ ಓಡಿತು. ಮನೆಯ ಮುಂದಿನ ಏರನ್ನು ಮಾತ್ರ ಅವಳ ಕೈಗಳಿಗೆ ಹತ್ತಲಾಗಲಿಲ್ಲ. ಗೇರು ಬೇಕಿತ್ತು. ಯುದ್ಧದಿಂದ ಹಡಗುಗಳು ನಿಂತು, ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಹೊಸ ಗೇರು ಸಿಗುತ್ತಿರಲಿಲ್ಲ. ಉಸ್ತಾದ್ ಪೀರ್ ಸಾಬ್ ಮೈಸೂರಿಗೆ ಹೋದ ಆ ನಾಲ್ಕು ದಿನಗಳಲ್ಲಿ ಸಣ್ಣಬೀರಯ್ಯನ ಚಕ್ರ ಅವನ ಕೈಗೆ ಬಂತು. ಅವನ ಬಳಿ ಇದ್ದ ಹಳೆಯ ಹಬ್ಬಿನಲ್ಲಿ ಏರಿಗೆ ಬೇಕಾದ ಮೊದಲ ಗೇರು ಸವೆದುಹೋಗಿತ್ತು; ಅದನ್ನು ಆ ಚಕ್ರಕ್ಕೆ ಹಾಕಿ, ಅಸಲಿಯನ್ನು ತಾನಿಟ್ಟುಕೊಂಡ.

"ಹಳೇ ಹಬ್ಬು ಜಾರುತ್ತೆ ಅಂತ ಗೊತ್ತಿತ್ತಾ?"

"ಅವರು ಜೂನಲ್ಲಿ ಬಂದಾಗ ಗೊತ್ತಾಯ್ತು."

"ಆಗಲಾದರೂ ಹೇಳಬಹುದಿತ್ತಲ್ಲಯ್ಯ?"

"ಹಿಂದಿನ ದಿನಾನೇ ಅವಳು ಮೊದಲ್ನೇ ಸಲ ಏರು ಹತ್ತಿದ್ದು ಸಾಮಿ. ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡೋಕೆ ಒಬ್ಬಳೇ ಹೋಗಿಬಂದಿದ್ಲು." ಖದೀರ್ ಎಡಗೈಯ ಉಗುರಿನ ಸಂದಿನ ಕರಿಯನ್ನು ನೋಡುತ್ತ ಕೂತ. "ಇನ್ನೊಂದೆಂಟು ದಿನ ಆಗಲಿ, ಆಮೇಲೆ ಬಿಚ್ಚಿ ಕೊಡೋಣ ಅಂದುಕೊಂಡೆ. ಆ ಎಂಟು ದಿನ ಆದ್ಮೇಲೆ ಇನ್ನೆಂಟು ದಿನ ಅಂದುಕೊಂಡೆ. ತಂತಿ ಬಿಗಿ ಮಾಡಿ, ಸರಿಹೋಗ್ತದೆ ಹೋಗಿ ಅಂದೆ. ಅವರು ನನಗೆ ಸಲಾಂ ಹೇಳಿ ಹೋದರು."

ಮೂರೂವರೆಗೆ ಅವನನ್ನು ಜಟಕಾದಲ್ಲಿ ಮೋಟಾರು ನಿಲ್ಲುವ ಕಡೆಗೆ ಕರೆದುಕೊಂಡು ಹೊರಟರು. ದಾರಿ ಆ ಗಲ್ಲಿಯ ಬಾಯಿಯ ಮುಂದೆಯೇ ಹಾದು ಹೋಗುತ್ತಿತ್ತು. ಅಂಗಡಿಯಿಂದ ಠಾಣೆಗೆ ಹೊರಡುವ ಮುಂಚೆ ಖದೀರ್ ಕೇಳಿಕೊಂಡಿದ್ದರಿಂದ, ಕೈಗಾಡಿಗೆ ಅಂಗಡಿಯಲ್ಲಿದ್ದ ಒಂದು ಗೇರಿಲ್ಲದ ಸಾದಾ ಚಕ್ರವನ್ನು ಹಾಕಿ ತಂಗಿಯನ್ನು ಅದರಲ್ಲಿ ಕೂರಿಸಲು ಇನ್ಸ್‌ಪೆಕ್ಟರು ಹತ್ತು ನಿಮಿಷ ಬಿಟ್ಟಿದ್ದರು. ಅದನ್ನು ಅವರು ದಾಖಲೆಯಲ್ಲಿ ಬರೆಯಲಿಲ್ಲ.

ಗಲ್ಲಿಯ ಹತ್ತಿರ ಬಂದಾಗ ಖದೀರ್ ಬಗ್ಗಿ ಕೆಳಗೆ ನೋಡಿದ. ವೀರಭದ್ರಸ್ವಾಮಿಯೂ ನೋಡಿದರು. ಅಜೀಜುನ್ನೀಸಾ ಅಣ್ಣನನ್ನು ನೋಡಲು ಗಾಡಿಯಲ್ಲಿ ಹೊರಟಿದ್ದಳು. ಏರಿನ ಬುಡದವರೆಗೆ ಬಂದು, ಅಲ್ಲಿಂದ ಒಂದು ಮಾರು ಮೇಲೆ ಹತ್ತಿ, ಕೈ ಸೋತು ಮತ್ತೆ ಬುಡಕ್ಕೇ ಜಾರಿ ನಿಂತಿದ್ದಳು.